ಮೂರು ಸಾಲಿನ ಪ್ರತಿಕ್ರಿಯೆ

ಪಂಚಾಕ್ಷರಿ ಗುರುಗಳಿಗೆ ಯೋಚನೆ ಮಾಡುವುದನ್ನು ಕಲಿಸಿದವನೇ ನಾನು.

ಸುಳ್ಳು. ನಾನು ಅವರ ಆಶ್ರಮಕ್ಕೆ ಹೋಗುತ್ತಿದ್ದದ್ದು ಮಧ್ಯಾಹ್ನದ ಊಟಕ್ಕೆ. ಆದರೆ ಹೊಳೆಯ ಮೆಟ್ಟಿಲ ಮೇಲೆ ಒಂದು ದಿನ ನಡೆದದ್ದನ್ನು ಅಲ್ಲೇ ಕೂತು ನೋಡಿದೆ. ಚಹಾ ಬರುವಷ್ಟರಲ್ಲಿ ಹೇಳುತ್ತೇನೆ, ಇದನ್ನು ನಂಬಿ.

ಗುರುಗಳು ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿ ನಿವೃತ್ತರಾದವರು. ಹೊಳೆದಂಡೆಯ ಆಶ್ರಮಕ್ಕೆ ಬಂದು ನೆಲೆಸಿದರೂ ಕಾಲೇಜು ಅವರನ್ನು ಬಿಡಲಿಲ್ಲ. ದೂರದಲ್ಲಿರುವವರಿಗೆ ಆನ್‌ಲೈನ್‌ನಲ್ಲಿ ಒಂದು ಕೋರ್ಸು ನಡೆಸಿಕೊಡಿ ಎಂದಿತು. ಹೆಸರು, ವಿಮರ್ಶಾತ್ಮಕ ಚಿಂತನೆ. ಕೇಳಿದ್ದನ್ನೆಲ್ಲ ನಂಬದೆ ತೂಗಿ ನೋಡುವ ಪಾಠ.

ಆಶ್ರಮದೊಳಗೆ ನೆಟ್‌ವರ್ಕ್ ಇರಲಿಲ್ಲ. ಹೊಳೆಗೆ ಇಳಿಯುವ ಏಳನೇ ಮೆಟ್ಟಿಲ ಮೇಲೆ ಮಾತ್ರ ಸಿಗುತ್ತಿತ್ತು. ಗುರುಗಳು ಅಲ್ಲೇ ಚಾಪೆ ಹಾಸಿ, ಫೋನು ಹಿಡಿದು ಪಾಠ ಮಾಡುತ್ತಿದ್ದರು.

ಒಂದು ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಕೊಟ್ರೇಶ ಎಂಬ ಶಿಷ್ಯ ಬಂದ. ಬಸ್ ನಿಲ್ದಾಣದಲ್ಲಿ ಬಂದು ಹೋಗುವ ಬಸ್ಸುಗಳ ಸಮಯ ಬರೆದುಕೊಳ್ಳುವುದು ಅವನ ಕೆಲಸ. ಕೈಯಲ್ಲಿ ಕೋರ್ಸಿನ ನಿಯಮಗಳ ಹಾಳೆ. ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿದ್ದ.

"ಕೊಟ್ರೇಶ ಅಲ್ಲಾ?" ಎಂದರು ಗುರುಗಳು. ಮುಖಾಮುಖಿ ನೋಡಿದ್ದು ಅದೇ ಮೊದಲು.

"ಹೌದ್ರೀ ಗುರುಗಳೇ. ಐದನೇ ವಾರಕ್ಕ ನನಗ ಸೊನ್ನೆ ಕೊಟ್ಟೀರಿ."

"ಕೊಟ್ಟೀನಿ."

"ಎರಡು ಸಲ ಫೇಲಾಗೀನ್ರೀ. ಇದು ಮೂರನೇದು, ಕೊನೇದು. ಈ ಸೊನ್ನೆ ಉಳೀತಂದ್ರ ಪಾಸಾಗೂದಿಲ್ಲ. ಪಾಸಾಗ್ಲಿಲ್ಲಾಂದ್ರ ಡಿಗ್ರಿ ಇಲ್ಲ. ಡಿಗ್ರಿ ಇಲ್ಲಾಂದ್ರ ಸಾಯೂತನಕ ಬಸ್ಸಿನ ಟೈಮು ಬರಕೋತ ಕೂಡಬೇಕು."

"ಈಗ ಏನಾಗಬೇಕು?"

"ನಾನು ಯಾವ ನಿಯಮ ಮುರದೀನಿ, ತೋರಿಸ್ರಿ."

ಗುರುಗಳು ಹಾಳೆ ತೆಗೆದುಕೊಂಡು ಓದಿದರು. "ವಾರದ ಪ್ರಶ್ನೆಗೆ ಶನಿವಾರ ಸಂಜೆಯೊಳಗೆ ಉತ್ತರ ಹಾಕಬೇಕು."

"ಶುಕ್ರವಾರನ ಹಾಕೀನಿ."

"ಬೇರೆಯವರ ಬರಹ ನಕಲು ಮಾಡಬಾರದು."

"ಮಾಡಿಲ್ಲ. ಎಲ್ಲಾ ನನ್ನ ಸ್ವಂತದ್ದು."

"ಸಹಪಾಠಿಗಳಲ್ಲಿ ಇಬ್ಬರ ಉತ್ತರಕ್ಕೆ ಪ್ರತಿಕ್ರಿಯೆ ಬರೆಯಬೇಕು. ಮೂರು ಸಾಲಿಗೆ ಕಡಿಮೆ ಇರಬಾರದು."

"ಇಬ್ಬರಿಗೆ ಬರದೀನಿ. ಮೂರು ಮೂರು ಸಾಲು. ಬೇಕಾದ್ರ ಎಣಸ್ರಿ."

"ಭಾಷೆ ಸಭ್ಯವಾಗಿರಬೇಕು."

"ಹೊಗಳಿ ಬರದೀನ್ರೀ!"

ಗುರುಗಳು ಉಳಿದ ನಿಯಮಗಳನ್ನು ತಮ್ಮಷ್ಟಕ್ಕೆ ಓದಿಕೊಂಡರು. ಹಾಳೆ ತಿರುವಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ನೀ ಹೇಳೂದು ಖರೆ. ಒಂದೂ ಮುರದಿಲ್ಲ. ತಪ್ಪು ನಂದು."

ಕೊಟ್ರೇಶ ಉಸಿರು ಬಿಟ್ಟ.

ಗುರುಗಳು ಫೋನು ಚಾಚಿದರು. "ಅಂಕ ಹಾಕೋ ಜಾಗ ತಗದೀನಿ. ಹತ್ತಕ್ಕ ಎಷ್ಟು ಬೇಕೋ ನೀನ ಹಾಕ್ಕೋ. ನಾ ತಿದ್ದೂದಿಲ್ಲ."

"ನಾನ ಹಾಕ್ಲೇನ್ರೀ?"

"ನೀನ ಹಾಕು. ಅದಕ್ಕೂ ಮೊದಲ, ಹುಲಿಗೆಮ್ಮ ಅನ್ನಾಕಿ ಬರದ ಉತ್ತರಕ್ಕ ಪ್ರತಿಕ್ರಿಯೆ ಹಾಕೀಯಲ್ಲ, ಆಕೀ ಉತ್ತರ ಜೋರಾಗಿ ಓದು. ನನಗ ಕಣ್ಣು ಮಂಜು."

ಗುರುಗಳ ಕಣ್ಣಿಗೆ ಏನೂ ಆಗಿರಲಿಲ್ಲ. ಸುಳ್ಳು ಯಾರು ಹೇಳಿದರೂ ನನಗೆ ತಿಳಿಯುತ್ತದೆ, ಅದೊಂದರಲ್ಲಿ ನಾನು ಪಳಗಿದವನು.

ಆ ವಾರದ ಪ್ರಶ್ನೆ ಇದು: ಪರೀಕ್ಷಿಸದೆ ನೀವು ನಂಬಿದ ಒಂದು ಮಾತು ಯಾವುದು?

ಕೊಟ್ರೇಶ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವ ದನಿಯಲ್ಲಿ ಓದತೊಡಗಿದ.

"'ನಮ್ಮಕ್ಕನಿಗೆ ಕಾಮಾಲೆ ಆಯಿತು. ಪಕ್ಕದೂರಿನಲ್ಲಿ ಕೊಡುವ ಬೇರಿನ ರಸ ಕುಡಿದರೆ ಹದಿನೈದು ದಿನಕ್ಕೆ ಇಳಿಯುತ್ತದೆ ಎಂದು ಎಲ್ಲರೂ ಹೇಳಿದರು. ನಾನೂ ನಂಬಿದೆ. ನಮ್ಮ ಮನೆಯಲ್ಲಿ ಹೆಚ್ಚು ಓದಿದವಳು ನಾನೇ. ಆಸ್ಪತ್ರೆಗೆ ಹೋಗೋಣವೇನೇ ಎಂದು ಅಕ್ಕ ನನ್ನನ್ನು ಕೇಳಿದಳು. ಇನ್ನೊಂದೆರಡು ದಿನ ನೋಡೋಣ ಎಂದೆ.'"

ಇಲ್ಲಿಗೆ ಅವನ ದನಿ ಇಳಿಯಿತು.

"ಓದು."

"'ಹನ್ನೆರಡನೇ ದಿನ ಅಕ್ಕ ಹೋದಳು. ಅವಳ ಮಗಳು ಈಗ ನನ್ನ ಪಕ್ಕದಲ್ಲಿ ಮಲಗುತ್ತಾಳೆ. ಆ ದಿನ ನಾನು ಯಾರನ್ನು, ಏನು ಕೇಳಬೇಕಾಗಿತ್ತು? ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.'"

ಕೊಟ್ರೇಶ ನಿಲ್ಲಿಸಿದ.

"ಮುಂದ?" ಎಂದರು ಗುರುಗಳು.

"ಮುಂದ ನಂದೈತ್ರೀ."

"ಅದನ್ನೂ ಓದು."

ಅವನು ಒಂದೊಂದೇ ಪದ ಓದಿದ.

"'ತುಂಬಾ ಒಳ್ಳೆಯ ಉದಾಹರಣೆ. ನಿಮ್ಮ ವಿಚಾರವನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. ಹೀಗೆಯೇ ಮುಂದುವರಿಸಿ.'"

ಆಗ ಹೊಳೆ ಭೋರ್ಗರೆಯಿತು ಎಂದು ಹೇಳಿಬಿಡೋಣ ಅನಿಸುತ್ತದೆ. ಇಲ್ಲ. ಮೊಣಕಾಲುದ್ದ ನೀರು, ತನ್ನ ಪಾಡಿಗೆ ಹರಿಯುತ್ತಿತ್ತು.

"ನಾ ಓದಿದ್ದಿಲ್ಲ ಗುರುಗಳೇ," ಎಂದ ಕೊಟ್ರೇಶ. "ಒಂದು ಬಸ್ಸು ಹೋಗಿ ಇನ್ನೊಂದು ಬರೂದ್ರೊಳಗ ಬರೀತೀನ್ರೀ. ಆ ಮೂರು ಸಾಲು ಮೊದಲ ಬರದು ಇಟ್ಕೊಂಡೀನಿ. ಎಲ್ಲಾರಿಗೂ ಅದನ್ನ ಹಾಕ್ತೀನಿ."

"ಗೊತ್ತು."

"ಉಳಿದೋರು ಏನ್ ಬರದಾರ್ರೀ?"

"ಆಕಿಗೆ ಬರದೋರು ನೀ ಸೇರಿ ಐದು ಮಂದಿ. ಐದೂ ಒಂದ ಥರ. ಐದು ಮಂದಿಗೂ ಸೊನ್ನೆ ಕೊಟ್ಟೆ. ಯಾಕ ಅಂತ ಕೇಳಾಕ ಇಲ್ಲೀತನಕ ಬಂದಾವ ನೀನೊಬ್ಬನ."

"ಆಕಿ ಏನಂದಳ್ರೀ?"

"ಅವತ್ತಿಂದ ಕೋರ್ಸಿಗೆ ಬಂದಿಲ್ಲ. ಫೋನು ಮಾಡಿದ್ದೆ. 'ನೀವು ಓದ್ತೀರಿ ಅಂತ ಗೊತ್ತಿತ್ರೀ ಗುರುಗಳೇ, ಓದೂದು ನಿಮ್ಮ ಕೆಲಸ' ಅಂದ್ಲು. ಅಷ್ಟ ಅಂದು ಇಟ್ಟಳು."

ಮೇಲೆ ಊಟದ ಗಂಟೆ ಬಡಿಯಿತು. ನಾನು ಏಳಲಿಲ್ಲ. ಇದನ್ನೂ ನಂಬಿ.

ಕೊಟ್ರೇಶನ ಹೆಬ್ಬೆರಳು ಅಂಕದ ಜಾಗದ ಮೇಲೆ ಇತ್ತು. ಒಂದನ್ನೊತ್ತಿ ಸೊನ್ನೆ ಒತ್ತಿದರೆ ಹತ್ತು. ಡಿಗ್ರಿ. ಬೇರೆ ಕೆಲಸ. ಗುರುಗಳು ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು.

ಅವನು ಫೋನನ್ನು ಚಾಪೆಯ ಮೇಲೆ ಇಟ್ಟ.

"ಸೊನ್ನೆ ಹಂಗ ಇರಲಿ ಬಿಡ್ರೀ."

"ಡಿಗ್ರಿ?"

"ಬಸ್ಸು ಬರ್ತಾವ, ಹೊಕ್ಕಾವ. ಟೈಮು ಬರೀತೀನಿ."

ಬಗ್ಗಿ ಗುರುಗಳ ಪಾದ ಮುಟ್ಟಿದ. ನಾಲ್ಕು ಮೆಟ್ಟಿಲು ಹತ್ತಿದ. ನಿಂತ. ತಿರುಗಿ ಇಳಿದು ಬಂದ.

"ಗುರುಗಳೇ, ಆಕಿ ಒಂದು ಪ್ರಶ್ನೆ ಕೇಳ್ಯಾಳ. ಅದಕ್ಕ ಯಾರೂ ಉತ್ತರ ಕೊಟ್ಟಿಲ್ಲ. ನನಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತಾದ್ರೂ ಬರೀಬೇಕು ಅನಸ್ತೈತಿ. ಆದ್ರ ಗಡುವು ಮುಗದೈತಿ. ಈಗ ಬರದದ್ದಕ್ಕ ಅಂಕ ಇಲ್ಲ, ಏಳನೇ ನಿಯಮ."

ಗುರುಗಳು ಏನಂದರು, ಹೇಳುತ್ತೇನೆ. ಅದಕ್ಕೂ ಮೊದಲು, ಈ ಚಹಾ ನಿಮ್ಮ ಲೆಕ್ಕಕ್ಕೆ ಎಂದು ತಲೆಯಾಡಿಸಿಬಿಡಿ. ಆಡಿಸಿದಿರಾ? ಸರಿ.

ಗುರುಗಳು ಪಕ್ಕಕ್ಕೆ ಸರಿದು, ನೆಟ್‌ವರ್ಕ್ ಸಿಗುವ ಜಾಗ ಅವನಿಗೆ ಬಿಟ್ಟುಕೊಟ್ಟರು.

"ಅಂಕ ಇಲ್ಲ ಅಲ್ಲಾ? ಹಂಗಾದ್ರ ಕೂಡು. ಈಗ ಬರಿ."