ಕನ್ನಡಿ ಮೇಲಿನ ಬೋರ್ಡು

ಕೌನ್ಸಿಲರ್ ಮರಿಲಿಂಗಯ್ಯ ಸಲೂನಿನ ಕುರ್ಚಿಯಲ್ಲಿ ಕೂತು, ಮುಖಕ್ಕೆ ನೊರೆ ಹಚ್ಚಿಸಿಕೊಳ್ಳುತ್ತಲೇ ಕೇಳಿದ: "ನನ್ನ ಮಗನ ಸಿನಿಮಾ ನೋಡಿದ್ಯಂತಲ್ಲ, ಹೆಂಗಿದೆ? ನಿಜ ಹೇಳು."

ಸಲೂನಿನವನು ನೊರೆಯ ಬ್ರಷ್ ಇಟ್ಟು ಕತ್ತಿ ಎತ್ತಿಕೊಂಡ. ಮೊನ್ನೆ ಎದುರಿನ ಟೀ ಗಾಡಿಯವನು "ಇಂಟರ್ವಲ್‌ಗೇ ಎದ್ದು ಬಂದೆ" ಅಂದಿದ್ದ. ಮರುದಿನ ಆ ಜಾಗದಲ್ಲಿ ಗಾಡಿಯೇ ಇರಲಿಲ್ಲ. ಚೆನ್ನಾಗಿದೆ ಅಂತ ಸುಳ್ಳು ಹೇಳೋಣವೆಂದರೆ, ಬೆಂಚಿನ ಮೇಲೆ ಕೂತಿದ್ದ ಇದೇ ಗಿರಾಕಿಗಳ ಮುಂದೆ ನಿನ್ನೆ ಸ್ವತಃ ತಾನೇ ಆ ಸಿನಿಮಾಕ್ಕೆ ಬಾಯ್ತುಂಬ ಬೈದಿದ್ದ.

ಕತ್ತಿ ಹಿಡಿದ ಕೈ ನಡುಗತೊಡಗಿತು. ಇನ್ನೊಂದು ಕೈಯಲ್ಲಿ ಕನ್ನಡಿ ಮೇಲಿನ ಬೋರ್ಡು ತೋರಿಸಿದ. 'ಇಲ್ಲಿ ರಾಜಕೀಯ ಮಾತಾಡಬಾರದು.'

"ಎಲೆಕ್ಷನ್ ಹೊತ್ತಲ್ಲಿ ನೀವೇ ಹಾಕಿಸಿದ್ದು, ಅಣ್ಣಾ."

"ನಾನು ಕೇಳಿದ್ದು ಸಿನಿಮಾ ಕಣಯ್ಯಾ!"

"ಟೀ ಗಾಡಿ ಎತ್ತಿಸೋ ತನಕ ಸಿನಿಮಾನೇ ಆಗಿತ್ತಣ್ಣಾ. ಆಮೇಲೆ ರಾಜಕೀಯ ಆಯ್ತು."

ಕೌನ್ಸಿಲರ್ ಗದರಲು ಬಾಯಿ ತೆರೆದ. ಕತ್ತಿ ಗಂಟಲ ಹತ್ತಿರ ಇನ್ನೂ ನಡುಗುತ್ತಿತ್ತು. ಬಾಯಿ ಮುಚ್ಚಿದ.

ಮರುದಿನ ಕೌನ್ಸಿಲರ್ ಕಡೆಯವರು ಬಂದು ಬೋರ್ಡಿಗೆ ಇನ್ನೊಂದು ಸಾಲು ಬರೆಸಿಹೋದರು: 'ಸಿನಿಮಾ ಮಾತೂ ಬೇಡ.'

ಆ ಸಿನಿಮಾ ಹೇಗಿದೆ ಅಂತ ಊರಿಗೆಲ್ಲ ಗೊತ್ತಾಗಿದ್ದು ಅದನ್ನು ಓದಿಯೇ.