ಎರಡು ಬೆರಳು ಸಡಿಲ

"ಗುರುಗಳೇ, ಮಠದ ಕಟ್ಟುಪಾಡು ನನಗೆ ಒತ್ತುತ್ತಿದೆ. ಮುರಿಯುವ ಆಸೆ ನನಗಿಲ್ಲ. ನನ್ನ ಮಟ್ಟಿಗೆ ಮಾತ್ರ ಸ್ವಲ್ಪ ಸಡಿಲ ಮಾಡಿಕೊಂಡರೆ ಯಾರಿಗೇನು ನಷ್ಟ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಗದರಲಿಲ್ಲ. ಪ್ರಶ್ನೆ ಅವರಿಗೆ ಹಿಡಿಸಿದಂತೆ ಕಂಡಿತು. ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ದರ್ಜಿಯಿದ್ದ. ಅವನು ಹೊಲಿದ ಬಟ್ಟೆಗೆ ಊರಿನಲ್ಲಿ ಒಳ್ಳೆಯ ಹೆಸರಿತ್ತು. ಅಳತೆ ತೆಗೆಯುವಾಗ ಅವನು ಟೇಪಿನ ಒಳಗೆ ಎರಡು ಬೆರಳು ಇಟ್ಟು ಅಳೆಯುತ್ತಿದ್ದ. ತೊಟ್ಟವನ ಸುಖವೆಲ್ಲ ಆ ಎರಡು ಬೆರಳಿನ ಸಡಿಲದಲ್ಲೇ ಇದೆ ಎಂಬುದು ಅವನ ನಂಬಿಕೆ. ಗಿರಾಕಿಗಳೂ ಅದನ್ನು ಸುಳ್ಳೆನ್ನಲಿಲ್ಲ. ಕೂತು ಮಾಡುವ ಕೆಲಸವಾದ್ದರಿಂದ ಅವನಿಗೆ ಹೊಟ್ಟೆ ಬಂದಿತ್ತು. ಅದಕ್ಕೆ ತಕ್ಕಂತೆ ತನ್ನ ಅಂಗಿಗೂ ಸಡಿಲ ಬಿಟ್ಟುಕೊಂಡಿದ್ದ.

ಅವನಿಗೆ ಒಬ್ಬಳೇ ಮಗಳು, ಕಡ್ಡಿಯಂಥ ಹುಡುಗಿ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಹುಟ್ಟಿದವಳು. ಅವಳು ಕೇಳಿದ್ದನ್ನು ಅವನು ಯಾವತ್ತೂ ಇಲ್ಲ ಎಂದದ್ದಿಲ್ಲ. ಶಾಲೆಗೆ ರಜೆ ಬಂದಾಗ ಅವಳು ರೋಲರ್ ಕೋಸ್ಟರ್ ಹತ್ತಬೇಕು ಎಂದಳು. ದರ್ಜಿ ಹೆಂಡತಿಯನ್ನೂ ಮಗಳನ್ನೂ ಕರೆದುಕೊಂಡು ಊರಾಚೆಯ ಮನರಂಜನಾ ಪಾರ್ಕಿಗೆ ಹೋದ. ಮಠದಲ್ಲಿ ಕೂತವನಿಗೆ ರೋಲರ್ ಕೋಸ್ಟರ್ ಹೇಗೆ ಗೊತ್ತು ಎಂದು ನೀನು ನಗಬೇಡ. ಬಂದ ಭಕ್ತರು ದೇವರ ವಿಷಯಕ್ಕಿಂತ ಇಂಥದ್ದನ್ನೇ ಹೆಚ್ಚು ಹೇಳುತ್ತಾರೆ, ನನಗೂ ಕೇಳುವ ಚಪಲ.

ಅಲ್ಲಿ ಒಂದೊಂದು ಸೀಟಿನಲ್ಲಿ ಇಬ್ಬರು ಕೂರಬೇಕು. ಹೆಂಡತಿ ಕೆಳಗೇ ನಿಂತಳು, ದರ್ಜಿ ಮಗಳ ಜೊತೆ ಕೂತ. ಕೂತ ಮೇಲೆ ಇಬ್ಬರ ತೊಡೆಗೂ ಅಡ್ಡಲಾಗಿ ಒಂದು ಕಂಬಿ ಇಳಿಯುತ್ತದೆ. ಅದು ಟಕ್ ಟಕ್ ಎನ್ನುತ್ತ ಕೆಳಗೆ ಬರುತ್ತದೆ, ಎಲ್ಲಿ ತಡೆಯುತ್ತದೋ ಅಲ್ಲಿ ನಿಲ್ಲುತ್ತದೆ, ಬಂಡಿ ಸುತ್ತಿ ಬರುವವರೆಗೆ ಮತ್ತೆ ಮೇಲೇಳುವುದಿಲ್ಲ. ಬೆನ್ನನ್ನು ಸೀಟಿಗೆ ಒತ್ತಿ ಕೂರಿ, ಉಸಿರು ಹಿಡಿಯಬೇಡಿ ಎಂದು ಕೆಲಸಗಾರ ಎಲ್ಲರಿಗೂ ಹೇಳುತ್ತ ಬಂದ. ದರ್ಜಿಗೆ ನಗು ಬಂತು. ಉಸಿರು ಹಿಡಿಯಬೇಡಿ ಎಂಬುದು ಅಳತೆ ಕೊಡಲು ಬಂದವರಿಗೆ ಅವನು ದಿನವೂ ಹೇಳುವ ಮಾತು.

ಆದರೆ ಕಂಬಿ ಹೊಟ್ಟೆಯ ಹತ್ತಿರ ಬಂದಾಗ ಅವನಿಗೆ ತನ್ನ ಎರಡು ಬೆರಳು ನೆನಪಾಯಿತು. ಜೋರಾಗಿ ಉಸಿರೆಳೆದು ಹೊಟ್ಟೆ ಉಬ್ಬಿಸಿದ. ಕಂಬಿ ಅಲ್ಲೇ ನಿಂತಿತು. ಕೆಲಸಗಾರ ಅದನ್ನು ಮೇಲಕ್ಕೆ ಎಳೆದು ನೋಡಿದ. ಅಲುಗಲಿಲ್ಲ. ಅವನು ಮುಂದಿನ ಸೀಟಿಗೆ ಹೋದ ಮೇಲೆ ದರ್ಜಿ ಉಸಿರು ಬಿಟ್ಟ. ಹೊಟ್ಟೆಗೂ ಕಂಬಿಗೂ ನಡುವೆ ಹಾಯಾಗಿ ಎರಡು ಬೆರಳು ಜಾಗ ಸಿಕ್ಕಿತ್ತು. ದರ್ಜಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಕೆಲಸಗಾರ ಸರಿಯಾಗಿ ನೋಡಬೇಕಿತ್ತು ಎಂದು ಶಿಷ್ಯ ನಡುವೆ ಬಾಯಿ ಹಾಕಿದ. ನೋಡಬೇಕಿತ್ತು, ನಿಜ, ಅವನನ್ನು ಬೈಯಲು ನಾಳೆ ಬಿಡುವು ಮಾಡಿಕೊಳ್ಳೋಣ ಎಂದು ಗುರುಗಳು ಮುಂದುವರಿಸಿದರು.

ಬಂಡಿ ನಿಧಾನವಾಗಿ ಮೇಲೇರಿತು, ಬಿದ್ದಂತೆ ಕೆಳಗಿಳಿಯಿತು. ದರ್ಜಿಗೆ ಬಹಳ ಖುಷಿಯಾಯಿತು. ಮುಂದಿನ ದಿಬ್ಬದ ನೆತ್ತಿಯಲ್ಲಿ, ಮಗಳಿಗೂ ಖುಷಿಯಾಗಿದೆಯೇ ಎಂದು ಪಕ್ಕಕ್ಕೆ ತಿರುಗಿದ. ಮಗಳು ಸೀಟಿನ ಮೇಲಿರಲಿಲ್ಲ. ಸೀಟಿಗೂ ಕಂಬಿಗೂ ನಡುವೆ ಮೇಲೆದ್ದು ತೇಲುತ್ತಿದ್ದಳು. ಒಂದು ಮೊಣಕಾಲು ಆಗಲೇ ಕಂಬಿಯ ಕೆಳಗಿನಿಂದ ಜಾರಿ ಬಂದಿತ್ತು. ಅವನು ಕೈಹಾಕಿ ಹಿಡಿದ. ಕೈಗೆ ಫ್ರಾಕು ಬಂತು, ಮಗಳು ಬರಲಿಲ್ಲ. ಬೆಳೆಯುವ ಹುಡುಗಿ ಎಂದು ಅದನ್ನೂ ಸಡಿಲವಾಗಿಯೇ ಹೊಲಿದಿದ್ದ. ಇನ್ನೊಂದು ಕೈಯಿಂದ ಅವಳ ತೋಳನ್ನು ಹಿಡಿದು ಕೆಳಕ್ಕೆ ಜಗ್ಗಿದ. ತನ್ನ ಮೈಯನ್ನೇ ಅವಳ ಮೇಲೆ ಹಾಕಿ, ಬಂಡಿ ನಿಲ್ಲುವವರೆಗೂ ಬಿಡಲಿಲ್ಲ.

ಮಗಳಿಗೆ ಚೂರೂ ಹೆದರಿಕೆಯಾಗಿರಲಿಲ್ಲ. ಇಳಿದ ಮೇಲೆ ಕಣ್ಣರಳಿಸಿ ಕೇಳಿದಳು. "ಅಪ್ಪಾ, ನಾನು ಹಾರ್ದೆ. ನೀನ್ಯಾಕೆ ಹಾರ್ಲಿಲ್ಲ?"

ದರ್ಜಿ ಅದನ್ನೇ ಯೋಚಿಸಿದ. ಸಡಿಲ ಮಾಡಿಕೊಂಡವನು ತಾನು. ಹಾಗಿದ್ದರೆ ತಾನು ಹಾರಬೇಕಿತ್ತು, ಮಗಳು ಯಾಕೆ ಹಾರಿದಳು? ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಕೆಲಸಗಾರನಿಗೆ ನಡೆದದ್ದನ್ನು ಹೇಳಿ, ಅವನನ್ನು ಬೇಡಿಕೊಂಡು, ನಿಂತಿದ್ದ ಬಂಡಿಯಲ್ಲಿ ಮಗಳ ಜೊತೆ ಮತ್ತೆ ಕೂತ. ಮೊದಲಿನ ಹಾಗೆಯೇ ಉಸಿರು ಹಿಡಿದು ಕಂಬಿ ಇಳಿಸಲು ಹೇಳಿದ. ಈ ಸಲ ತನ್ನ ಹೊಟ್ಟೆಯ ಕಡೆ ನೋಡಲಿಲ್ಲ. ಮಗಳ ತೊಡೆಗೂ ಕಂಬಿಗೂ ನಡುವೆ ಕೈಯಿಟ್ಟು ಅಳೆದ. ಒಂದು ಗೇಣು ಜಾಗವಿತ್ತು. ಉಸಿರು ಬಿಟ್ಟು ಕಂಬಿಯನ್ನು ಇನ್ನಷ್ಟು ಒತ್ತಿಸಿದ. ಅದು ಕೆಳಗೆ ಬಂತು, ಅವನ ಹೊಟ್ಟೆಯನ್ನು ಅಮುಕಿ ನಿಂತಿತು. ಆದರೂ ಅವಳನ್ನು ಮುಟ್ಟಲಿಲ್ಲ. ಉಸಿರು ಹಿಡಿಯದಿದ್ದರೂ ತಾನು ಅವಳ ಪಕ್ಕ ಕೂರುವಂತಿರಲಿಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು.

ಅವನು ಇಳಿದು, ಮಗಳಂತೆಯೇ ತೆಳ್ಳಗಿದ್ದ ಹೆಂಡತಿಯನ್ನು ಆ ಜಾಗದಲ್ಲಿ ಕೂರಿಸಿದ. ಕಂಬಿ ಇಬ್ಬರ ತೊಡೆಯ ಮೇಲೂ ಬಂದು ಕೂತಿತು. ಅವನು ಬೆರಳು ತೂರಿಸಲು ನೋಡಿದ, ಒಂದು ಬೆರಳೂ ಹೋಗಲಿಲ್ಲ. ಮತ್ತೆ ಹತ್ತಿಸುವುದು ಬೇಡ ಎಂದು ಅವನಿಗೆ ಅನಿಸಿತು, ಆದರೆ ಮಗಳು ಹಟ ಹಿಡಿದಿದ್ದಳು. ಬಂಡಿ ಸುತ್ತಿ ಬರುವವರೆಗೆ ಅವನು ಬೇಲಿ ಹಿಡಿದು ಕೆಳಗೆ ನಿಂತಿದ್ದ. ಮಗಳು ಮುಖ ಊದಿಸಿಕೊಂಡು ಇಳಿದಳು. ಈ ಸಲ ಹಾರಲೇ ಇಲ್ಲ, ಅಮ್ಮನ ಜೊತೆ ಚೆನ್ನಾಗಿರುವುದಿಲ್ಲ ಎಂದು ದೂರಿದಳು. ಅದನ್ನು ಕೇಳಿ ದರ್ಜಿ ಅಷ್ಟು ಜನರ ನಡುವೆ ಅತ್ತುಬಿಟ್ಟ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಆಗ ಮರುಳಸಿದ್ಧ ಕೇಳಿದ.

"ಕತೆ ಅರ್ಥವಾಯಿತು, ಗುರುಗಳೇ. ಆದರೆ ನಾನು ಮನೆಮಾರು ಎಲ್ಲ ಬಿಟ್ಟು ಬಂದವನು. ನನ್ನ ಪಕ್ಕದಲ್ಲಿ ಯಾರೂ ಇಲ್ಲವಲ್ಲ?"

ಗುರುಗಳು ಹೇಳಿದರು, "ಆ ದಿಬ್ಬ ಹತ್ತುವವರೆಗೆ ದರ್ಜಿಯೂ ಪಕ್ಕಕ್ಕೆ ನೋಡಿರಲಿಲ್ಲ."