ದೇವಿಯ ಕಿರೀಟ ಇಳಿಸುವವರು ಯಾರು?

ಪಟ್ಟಣದ ನಾಟಕ ತಂಡ ನಮ್ಮೂರ ಶಾಲೆಗೆ ಬಂದು, ಮಕ್ಕಳಿಗೆ ಹಳೆಯ ಸಂಸ್ಕೃತ ನಾಟಕವೊಂದನ್ನು ಕನ್ನಡದಲ್ಲಿ ಕಲಿಸಿತು. ದೇವಿಯ ಪಾತ್ರ ಕೇರಿಯ ಹುಲಿಗೆಮ್ಮನಿಗೆ ಸಿಕ್ಕಿತು. ಅಷ್ಟು ಗಟ್ಟಿ ದನಿ ಬೇರೆ ಯಾರಿಗೂ ಇರಲಿಲ್ಲ.

ಆಟದ ಸಂಜೆ, ಕಿರೀಟ ತೊಟ್ಟು ನಿಂತ ಹುಲಿಗೆಮ್ಮನಿಗೆ ಆರತಿ ಎತ್ತಿದ್ದೇ ತಡ, ಶಾಲಾ ಸಮಿತಿಯ ಅಧ್ಯಕ್ಷ ಅಂದಾನಗೌಡರು ಸೀದಾ ರಂಗವೇರಿದರು.

"ಕೇರಿ ಹುಡುಗಿಗೆ ನಾವು ಕೈಮುಗೀಬೇಕೇನು? ಕಿರೀಟ ಇಳಸ್ರಿ. ಇಲ್ಲಾಂದ್ರ ನಾಳಿಂದ ಆಕಿ ಸಾಲಿಗೆ ಬರೂದು ಬ್ಯಾಡ."

ಹೆಡ್‌ಮಾಸ್ತರರು ಎಂದಿನಂತೆ ನೆಲ ನೋಡಿದರು. ಬಿಸಿಯೂಟ ಮಾಡುವ ಶಂಕ್ರವ್ವ ಸೆರಗಿಗೆ ಕೈ ಒರೆಸುತ್ತ ಮುಂದೆ ಬಂದಳು.

"ಖರೇ ಐತ್ರಿ ಗೌಡ್ರ, ಇಳಸಬೇಕು. ಆದ್ರ ಕಾಯಿ ಒಡದು ಆರತಿ ಆಗೇತಿ. ಮಂಗಳ ಹಾಡೂಕಿಂತ ಮೊದಲ ದೇವಿ ಕಿರೀಟ ಇಳಿಸಿದವರ ಮನಿಗೆ ಒಳ್ಳೇದಾಗಂಗಿಲ್ಲ ಅಂತಾರ. ನಮ್ಮಂಥ ಬಡವರು ತಾಳಕೊಳ್ಳಂಗಿಲ್ಲ. ನೀವು ದೊಡ್ಡವರು. ನೀವ ಇಳಸಿಬಿಡ್ರಿ."

ಗೌಡರು ಕೈ ಚಾಚಿದರು. ಕೈ ಅರ್ಧಕ್ಕೇ ನಿಂತಿತು. ಶಾಪದ ಭಯ ಒಂದು ಕಡೆ. ಇಳಿಸಬೇಕೆಂದರೆ ಕೇರಿಯ ತಲೆ ಮುಟ್ಟಬೇಕು, ಅದೂ ಊರೆಲ್ಲ ನೋಡುತ್ತಿರುವಾಗ. ಚಾಚಿದ ಕೈಗೆ ಏನಾದರೂ ಕೆಲಸ ಕೊಡಲೇಬೇಕಲ್ಲ, ಇನ್ನೊಂದು ಕೈ ಬಂದು ಅದಕ್ಕೆ ಜೋಡಿಯಾಯಿತು. ಗೌಡರೇ ಕೈಮುಗಿದರೆಂದು ಊರೂ ಕೈಮುಗಿಯಿತು.

ನಾಟಕ ಚೆನ್ನಾಗಿಯೇ ಆಯಿತು. ಮಂಗಳ ಮುಗಿದ ಮೇಲೆ ತಂಡದವರು ಸಾಮಾನನ್ನು ವ್ಯಾನಿಗೆ ತುಂಬತೊಡಗಿದರು.

"ಎವ್ವಾ, ಈ ಕಿರೀಟ ಹಾಕ್ಕೊಂಡ ಮನಿಗೆ ಹೋಗ್ಲೇನು?" ಹುಲಿಗೆಮ್ಮ ಶಂಕ್ರವ್ವನನ್ನು ಕೇಳಿದಳು. "ಗೌಡ್ರ ಮನಿ ಮುಂದ ಹಾಯಬೇಕು. ದೇವಿ ಆಗಿದ್ರ ಅವರು ಏನೂ ಅನ್ನಂಗಿಲ್ಲ."

ಕಿರೀಟ ತಂಡದ್ದು. ಶಂಕ್ರವ್ವ ಅದನ್ನು ಇಳಿಸಿ ವ್ಯಾನಿಗೆ ಕೊಟ್ಟಳು.

"ಮುಖದ ಬಣ್ಣ ತೊಳೀಬ್ಯಾಡ, ನಡಿ," ಎಂದು ಹುಡುಗಿಯ ಕೈ ಹಿಡಿದುಕೊಂಡಳು.